ಪಕ್ಕೀರಪ್ಪನ ಮುಖದಿಂದ ಹೇಳದೆ ಕೇಳದೆ ಹೋದ ಕೊಲಾಜೆನ್ ಅವರಿಗೆ

ಸಿರುಗುಪ್ಪ,
ಜುಲೈ ೧೨, ೧೯೭೯

ಮಾನ್ಯ ಕೊಲಾಜೆನ್ ಮಹಾಶಯರೇ,

ಚರ್ಮದ ಒಳಪದರದಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತು, ಕೆನ್ನೆಯನ್ನು ಕೆನ್ನೆಯ ಜಾಗದಲ್ಲಿಯೂ ಗಲ್ಲವನ್ನು ಗಲ್ಲದ ಜಾಗದಲ್ಲಿಯೂ ಎತ್ತಿ ಹಿಡಿದು, ಮನುಷ್ಯಮಾತ್ರರ ಮಾನ ಕಾಯುತ್ತಿರುವ ತಮಗೆ, ಸಿರುಗುಪ್ಪ ಬಸ್ ನಿಲ್ದಾಣದ ಎದುರಿನ ಫ್ಯಾನ್ಸಿ ಸ್ಟೋರಿನ ಮಾಲೀಕ ಗಾದಿಲಿಂಗಪ್ಪನ ಭಯಭಕ್ತಿಯ ನಮಸ್ಕಾರಗಳು. ತಾವು ಎಲ್ಲಿದ್ದರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಎಲ್ಲಿದ್ದೀರಿ ಎಂಬುದೇ ಈ ಪತ್ರದ ಮುಖ್ಯ ಪ್ರಶ್ನೆ.

ಮೊದಲಿಗೆ ತಮ್ಮನ್ನು ಹುಡುಕಿಕೊಂಡು ತಿರುಗಿದ ಬಾಬ್ತಿನ ಖರ್ಚು ಒಪ್ಪಿಸಿಬಿಡುತ್ತೇನೆ. ತಾವು ಡಬ್ಬಿಯೊಳಗೇ ವಾಸವಾಗಿದ್ದೀರಿ ಎಂದು ಬೊಂಬಾಯಿಯ ಕಂಪನಿಯೊಂದು ಮುಚ್ಚಳದ ಮೇಲೆ ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ ‘ನವಕಾಂತಿ’ ಕ್ರೀಮು ಏಳು ಡಬ್ಬಿ, ಇಪ್ಪತ್ತೆರಡು ರೂಪಾಯಿಯದನ್ನು ಸ್ನೇಹಕ್ಕಾಗಿ ಎರಡು ರೂಪಾಯಿ ಬಿಟ್ಟು, ನೂರಾ ನಲವತ್ತು. ಬಳ್ಳಾರಿಗೆ ಇಬ್ಬರು ನಾಲ್ಕು ಸಲ ಹೋಗಿ ಬಂದ ಬಸ್ ಚಾರ್ಜು ಎಪ್ಪತ್ತೆರಡು. ಅರ್ಜಿ ಟೈಪು ಮಾಡಿಸಿದ್ದು, ಸ್ಟ್ಯಾಂಪು ಹಚ್ಚಿದ್ದು ಹದಿನಾಲ್ಕು. ಮುಖದ ಫೋಟೋ ಆರು. ನೆಲ್ಲಿಕಾಯಿ, ಪೇರಲಹಣ್ಣು ಹನ್ನೊಂದು. ಕೊಡೆ ಒಂದು, ಹತ್ತೊಂಬತ್ತು. ಬಳ್ಳಾರಿಯ ಹೋಟೆಲುಗಳಲ್ಲಿ ತಿಂದದ್ದು ಕುಡಿದದ್ದು ಇಪ್ಪತ್ತಾರು ರೂಪಾಯಿ ಎಪ್ಪತ್ತೈದು ಪೈಸೆ. ಒಟ್ಟು ಇನ್ನೂರಾ ಎಂಬತ್ತೆಂಟು ರೂಪಾಯಿ ಎಪ್ಪತ್ತೈದು ಪೈಸೆ. ಇಷ್ಟನ್ನೂ ತನ್ನ ಅಂಗಿಯ ಒಳಜೇಬಿನಿಂದ ತೆಗೆದುಕೊಟ್ಟವನು ನನ್ನ ಬಾಲ್ಯಮಿತ್ರ ಪಕ್ಕೀರಪ್ಪ. ಅವನ ತಿಂಗಳ ಸಂಬಳ ಮುನ್ನೂರಾ ಹನ್ನೆರಡು. ಹೀಗಾಗಿ ತಮ್ಮ ಹುಡುಕಾಟಕ್ಕೆ ಹೋದ ಒಂದು ತಿಂಗಳ ಸಂಬಳದಲ್ಲಿ ಅವನಿಗೆ ಊಟಕ್ಕೆಂದು ಇಪ್ಪತ್ಮೂರು ರೂಪಾಯಿ ಇಪ್ಪತ್ತೈದು ಪೈಸೆ ಉಳಿಯಿತು. ತಾವು ಅಷ್ಟಾದರೂ ಬಿಟ್ಟಿರಲ್ಲ, ಅದಕ್ಕೆ ಕೃತಜ್ಞತೆಗಳು.

ಪಕ್ಕೀರಪ್ಪನ ಪರಿಚಯ ತಮಗೆ ಇರಲಿಕ್ಕಿಲ್ಲ, ಏಕೆಂದರೆ ಅವನನ್ನು ತಾವು ಬಿಟ್ಟುಹೋಗಿ ಬಹಳ ಕಾಲವಾಯಿತು. ಅವನು ಹಚ್ಚೊಳ್ಳಿ ಕಡೆಯ ಕಾಲುವೆಯ ಮೇಲೆ ಸೌಡಿ, ಅಂದರೆ ರೈತರ ಪಾಳಿ ನೋಡಿ ತೂಬು ಎತ್ತುವ, ಇಳಿಸುವ ಸರಕಾರಿ ನೌಕರ. ನಾವಿಬ್ಬರೂ ಕುರುಗೋಡಿನಲ್ಲಿ ಒಂದೇ ಓಣಿಯಲ್ಲಿ, ಒಂದೇ ವಾರದಲ್ಲಿ, ಸಾವಂತ್ರಮ್ಮ ಎಂಬ ಒಬ್ಬಳೇ ಸೂಲಗಿತ್ತಿಯ ಕೈಯಲ್ಲಿ ಭೂಮಿಗೆ ಬಂದವರು. ಅವನು ಸೋಮವಾರ, ನಾನು ಗುರುವಾರ. ಇಬ್ಬರಿಗೂ ಈಗ ನಲವತ್ತೊಂಬತ್ತು. ನಾನು ಶಾಲೆ ಕಲಿತೆ, ಬಳೆಯ ಮಲಾರ ಹೊತ್ತು ಊರೂರು ತಿರುಗಿದೆ, ಕೊನೆಗೆ ಸಿರುಗುಪ್ಪದಲ್ಲಿ ಅಂಗಡಿ ಹಾಕಿ ಇಪ್ಪತ್ನಾಲ್ಕು ವರ್ಷದಿಂದ ನೆರಳಲ್ಲಿ ಕುಳಿತು ಸ್ನೋ, ಪೌಡರು, ರಿಬ್ಬನ್ನು ಮಾರುತ್ತಿದ್ದೇನೆ. ಅವನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ. ಆ ಶಾಲೆಯ ಹಳೆಯ ದಾಖಲೆ ಪುಸ್ತಕವನ್ನು ಗೆದ್ದಲು ಓದಿ ಮುಗಿಸಿದೆ.

ಹೀಗಿರಲು ಸಾವಿರದ ಒಂಬೈನೂರ ಐವತ್ಮೂರರಲ್ಲಿ, ಎರಡು ಬೇಸಿಗೆ ಕಾಲುವೆಯ ಮಣ್ಣು ಅಗೆದು ಇದ್ದಿಲಿನಂತಾಗಿದ್ದ ಪಕ್ಕೀರಪ್ಪನನ್ನು ಸೌಡಿ ಕೆಲಸಕ್ಕೆ ತೆಗೆದುಕೊಳ್ಳುವಾಗ, ಓವರ್‌ಸೀಯರ್ ಸಾಹೇಬರು “ವಯಸ್ಸೆಷ್ಟಲೇ?” ಎಂದರಂತೆ. “ಯಾರಿಗ್ ಗೊತ್ತೈತ್ರಿ” ಎಂದನಂತೆ ಇವನು. ಸಾಹೇಬರು ಇವನ ಮುಖವನ್ನು ಒಂದು ಗಳಿಗೆ ನೋಡಿ, “ಇಪ್ಪತ್ತೊಂಬತ್ತು ಬರಕೋರಿ” ಎಂದು ಗುಮಾಸ್ತರಿಗೆ ಹೇಳಿ ಚಹಾ ಕುಡಿಯಲು ಹೋದರಂತೆ. ಆಗ ಅವನಿಗೆ ಇಪ್ಪತ್ಮೂರು. ಆ ಒಂದು ಗಳಿಗೆಯಲ್ಲಿ ಇವನ ಆರು ವರ್ಷ ಹೋಯಿತು. ತಾವು ಅಂದೇ ಅವನ ಕೆನ್ನೆಯಲ್ಲಿ ಸ್ವಲ್ಪ ಗಟ್ಟಿಯಾಗಿ ಕೂತಿದ್ದರೆ ನಾನು ಇಂದು ಈ ಪತ್ರ ಬರೆದು ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರಲಿಲ್ಲ.

ಈ ವರ್ಷ ಶಿವರಾತ್ರಿ ಮುಗಿದ ವಾರ ಅವನಿಗೆ ನೋಟೀಸು ಬಂತು: ಜೂನ್ ಮೂವತ್ತಕ್ಕೆ ಐವತ್ತೈದು ತುಂಬುವುದರಿಂದ ನಿವೃತ್ತಿ, ಕಾಲುವೆ ಪಕ್ಕದ ಎರಡು ಖೋಲಿಯ ಕ್ವಾರ್ಟರ್ಸನ್ನು ತೆರವು ಮಾಡುವುದು. ಇನ್ನೂ ಆರು ವರ್ಷ ದುಡಿಯಬೇಕಾದವನು ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ನಾನು ಬೆರಳು ಮಡಿಚಿದೆ. ಎಪ್ಪತ್ತೆರಡು ತಿಂಗಳು, ಮುನ್ನೂರಾ ಹನ್ನೆರಡರಂತೆ, ಇಪ್ಪತ್ತೆರಡು ಸಾವಿರದ ನಾಲ್ಕುನೂರಾ ಅರವತ್ನಾಲ್ಕು ರೂಪಾಯಿ. ಮೊತ್ತ ಕೇಳಿ ಪಕ್ಕೀರಪ್ಪ, “ಅಷ್ಟು ರೊಕ್ಕಾ ನಂದಿತ್ತೇನಲೇ?” ಎಂದು, ಹೋಗುತ್ತಿರುವುದಕ್ಕಿಂತ ಇದ್ದದ್ದಕ್ಕೇ ಹೆಚ್ಚು ಆಶ್ಚರ್ಯಪಟ್ಟ.

ಬಳ್ಳಾರಿಗೆ ಹೋಗಿ ಅರ್ಜಿ ಕೊಟ್ಟೆವು. ಕಚೇರಿಯ ಹಿರಿಯ ಗುಮಾಸ್ತರಾದ ತಿಪ್ಪೇರುದ್ರಪ್ಪನವರು ದೇವರಂಥ ಮನುಷ್ಯರು, ಪೂರ್ತಿ ಓದಿ, ಪೂರ್ತಿ ಮರುಗಿ, ಆಮೇಲೆ ಹೇಳಿದರು: “ಕಾಗದ ಇಲ್ಲದವರ ವಯಸ್ಸು ತೀರ್ಮಾನ ಮಾಡಾಕ ಮೂರು ಜನರ ಸಮಿತಿ ಐತ್ರಿ. ಅವರು ಮತ್ತೇನೂ ನೋಡಂಗಿಲ್ಲ, ಮುಖಾ ನೋಡತಾರ. ಜೂನದಾಗ ಕರೀತಾರ. ಅಷ್ಟರಾಗ ಮುಖಾ ಏನರ ಒಂದೀಟು ತಿದ್ದಿಕೊಂಡು ಬರ್ರಿ.” ಅರ್ಜಿ ತಿದ್ದಲು ಹೇಳುವ ಕಚೇರಿಗಳನ್ನು ನಾನು ಬಹಳ ಕಂಡಿದ್ದೇನೆ, ಅರ್ಜಿದಾರನ ಮುಖವನ್ನೇ ತಿದ್ದಿಕೊಂಡು ಬರಲು ಹೇಳಿದ ಕಚೇರಿ ಇದೊಂದೇ.

ನಾನು ವ್ಯಾಪಾರಸ್ಥ. ನನ್ನ ಕಪಾಟಿನಲ್ಲಿ ತಾವಿದ್ದಿರಿ. ಹಿಂದಿನ ತಿಂಗಳಷ್ಟೇ ಕಂಪನಿಯ ಏಜೆಂಟರು ಬಂದು, ಒಂದು ಡಬ್ಬಿ ಪುಕ್ಕಟೆ ಮಾದರಿಯಾಗಿ ಕೊಟ್ಟು, “ಇದರಲ್ಲಿ ಕೊಲಾಜೆನ್ ಇದೆ ಸ್ವಾಮಿ, ಮೂರು ತಿಂಗಳಿಗೆ ಹತ್ತು ವರ್ಷ ಕಡಿಮೆ” ಎಂದು ಹೇಳಿಹೋಗಿದ್ದರು. ನಮಗೆ ಬೇಕಾಗಿದ್ದದ್ದು ಆರೇ ವರ್ಷ. ನಾಲ್ಕು ವರ್ಷ ಕಂಪನಿಗೇ ವಾಪಸು ಕೊಟ್ಟರಾಯಿತು ಎಂಬ ಲೆಕ್ಕದಲ್ಲಿ ಮೊದಲ ಡಬ್ಬಿಯನ್ನು ಪಕ್ಕೀರಪ್ಪನ ಕೈಗೆ ಕೊಟ್ಟೆ.

ಅಲ್ಲಿಂದ ಮುಂದಿನದನ್ನು ತಾವು ಒಳಗಿನಿಂದ ನೋಡಿದ್ದೀರೋ ಇಲ್ಲವೋ, ನಾನು ಹೊರಗಿನಿಂದ ನೋಡಿದ್ದೇನೆ. ಬೆಳಿಗ್ಗೆ ಕ್ರೀಮು ಬಳಿದುಕೊಂಡು ಅವನು ಕಾಲುವೆ ದಂಡೆಯ ಮೇಲೆ ನಿಂತರೆ, ಹತ್ತು ಗಂಟೆಯ ಹೊತ್ತಿಗೆ ಎರೆಮಣ್ಣಿನ ಧೂಳೆಲ್ಲ ಬಂದು ಅದರ ಮೇಲೆ ಕೂರುತ್ತಿತ್ತು; ಹನ್ನೊಂದಕ್ಕೆ ಬೆವರು ಅದನ್ನು ಕಲಸುತ್ತಿತ್ತು; ಹನ್ನೆರಡಕ್ಕೆ ಬಿಸಿಲು ಅದನ್ನು ಒಣಗಿಸಿ ಬಿರುಕು ಬಿಡಿಸುತ್ತಿತ್ತು. ಸುಕ್ಕು ಹೋಗಲೆಂದು ಹಚ್ಚಿದ ವಸ್ತುವು ಇದ್ದ ಸುಕ್ಕಿನ ಮೇಲೆ ತನ್ನದೇ ಒಂದು ಸುಕ್ಕಿನ ಪದರ ಕಟ್ಟಿಕೊಟ್ಟಿತು. ಗದ್ದೆಗೆ ನೀರು ಕಾಯುತ್ತಿದ್ದ ಎರ್ರೆಪ್ಪ ದೂರದಿಂದಲೇ ಕೂಗಿದ: “ಏನಪಾ ಪಕ್ಕೀರಪ್ಪ, ಮದಲಿಂಗ ಆಗೀಯಲ್ಲ! ನೀರು ಬಿಡ್ತೀಯೋ, ಅಕ್ಕಿಕಾಳು ಹಾಕಿಸ್ಕೊಂತೀಯೋ?” ಪಕ್ಕೀರಪ್ಪ ಅಷ್ಟೇ ಗಂಭೀರವಾಗಿ, “ಉಡುಗೊರಿ ತಂದೀಯೇನು? ಇಲ್ಲಂದ್ರ ನಿನ್ನ ಪಾಳಿ ನಾಳಿಗೆ” ಎಂದನಂತೆ.

ಅವನ ಹೆಂಡತಿ ಉಚ್ಚೆಂಗೆಮ್ಮ ಮಾತ್ರ ಮೊದಲ ದಿನದಿಂದಲೇ ತಮ್ಮ ಮೇಲೆ ನಂಬಿಕೆ ಇಡಲಿಲ್ಲ. ಮೂರನೆಯ ಡಬ್ಬಿ ಒಯ್ಯಲು ಅವಳೇ ಅಂಗಡಿಗೆ ಬಂದಿದ್ದಳು. ದುಡ್ಡು ಎಣಿಸಿ ಗಾಜಿನ ಮೇಲಿಟ್ಟು, “ಅಣ್ಣಾ, ಇಪ್ಪತ್ತಾರು ವರ್ಷ ಈ ಮುಖಾ ನೋಡಿಕೊಂತ ನಾನ ಸುಮ್ಮನ ಅದೀನಿ, ಸರಕಾರಕ್ಕೇನು ಸಂಕಟ?” ಎಂದಳು. ನಾನು ದುಡ್ಡನ್ನು ಗಲ್ಲಾಕ್ಕೆ ಹಾಕಿದೆ. ಡಬ್ಬಿ ಕೊಟ್ಟೆ.

ನಾಲ್ಕನೆಯ ಡಬ್ಬಿಯಾದರೂ ತಮ್ಮ ಸುಳಿವಿಲ್ಲದ್ದನ್ನು ಕಂಡು, ಬಳ್ಳಾರಿ ಪಾರ್ವತಿನಗರದಲ್ಲಿ ಚರ್ಮದ ವೈದ್ಯರಾದ ಚಂದ್ರಣ್ಣನವರ ಬಳಿಗೆ ಹೋದೆವು. ಅವರು ಪಕ್ಕೀರಪ್ಪನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು, ಮತ್ತೆ ನನ್ನ ಕೆನ್ನೆಯನ್ನೂ ಹಿಡಿದು ಬಿಟ್ಟು, ತಮ್ಮ ವಿಷಯವನ್ನು ತಿಳಿಯಹೇಳಿದರು: “ನುಲಿಮಂಚ ನೋಡೀರಲ್ರಿ, ಹಗ್ಗ ಬಿಗಿ ಇದ್ದರ ಮಂಚ ಬಿಗಿ. ಚರ್ಮದ ಹಗ್ಗಾನ ಕೊಲಾಜೆನ್. ಅದನ್ನ ದೇಹ ತಾನ ಒಳಗ ಹೊಸಿತದ. ವಯಸ್ಸಾದಂಗ ಹೊಸಿಯೋದು ಕಡಿಮಿ ಆಗ್ತದ, ಬಿಸಿಲು ಬೀಡಿ ಎರಡೂ ಕೂಡಿ ಇದ್ದದ್ದನ್ನೂ ಕಡೀತಾವ. ನೀವು ಮ್ಯಾಲೆ ಹಚ್ಚಿದ್ದು ಮ್ಯಾಲೇ ಇರ್ತದ, ಚರ್ಮ ಒಂದೀಟು ಮೆತ್ತಗಾದೀತು, ಹಗ್ಗದ ತನಕ ಹೋಗಂಗಿಲ್ಲ. ತಲಿಗೆ ರುಮಾಲು ಸುತ್ತಿ ಕೊಡೆ ಹಿಡೀರಿ, ಬೀಡಿ ಬಿಡ್ರಿ, ನೆಲ್ಲಿಕಾಯಿ ಪೇರಲಹಣ್ಣು ತಿನ್ರಿ, ಬ್ಯಾಳಿ ಕಾಳು ಹೆಚ್ಚಿಗಿ ಉಣ್ರಿ, ನಿದ್ದಿ ಮಾಡ್ರಿ. ಉಳದದ್ದು ಉಳೀತದ. ಹೋದದ್ದನ್ನ ಮೂರು ತಿಂಗಳದಾಗ ತರಾಕ ಯಾರ ಕಡಿಂದಾನೂ ಆಗಂಗಿಲ್ಲ.” ಇಷ್ಟು ಹೇಳಿ ಅವರು ಫೀಸು ಬೇಡವೆಂದರು. ಫೀಸು ತೆಗೆದುಕೊಳ್ಳದವರ ಮಾತನ್ನು ಹೇಗೆ ನಂಬುವುದೆಂದು ನಾನು ಬಸ್ಸಿನಲ್ಲಿ ಕುಳಿತು ಬಹಳ ಯೋಚಿಸಿದೆ. ಮರುದಿನ ಐದನೆಯ ಡಬ್ಬಿ ಕೊಟ್ಟೆ.

ಪಕ್ಕೀರಪ್ಪ ಮಾತ್ರ ಇಬ್ಬರನ್ನೂ ನಂಬಿದ. ಕ್ರೀಮೂ ಹಚ್ಚಿದ, ನೆಲ್ಲಿಕಾಯಿಯನ್ನೂ ಕಡಿದ. ಮೂವತ್ತು ವರ್ಷದ ಬೀಡಿ ಬಿಟ್ಟ. ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಕೆಂಪು ಮಗ್ಗುಲಿನ ಬೆಂಕಿಪೊಟ್ಟಣವನ್ನು ನನ್ನ ಗಲ್ಲಾದ ಮೇಲೆ ಇಟ್ಟುಹೋದ. ಉಚ್ಚೆಂಗೆಮ್ಮ ಕರಿಯ ಬಟ್ಟೆಯ ಕೊಡೆ ತಂದಳು. ಇಲಾಖೆಯು ಸೌಡಿಗೆ ಎರಡು ವರ್ಷಕ್ಕೊಂದು ಖಾಕಿ ಅಂಗಿ, ಒಂದು ಲಾಟೀನು, ಒಂದು ಸೀಟಿ ಕೊಡುತ್ತದೆ. ಕೊಡೆಯ ಬಾಬ್ತು ಅವರ ಪುಸ್ತಕದಲ್ಲಿಲ್ಲ. ಅಂಗಿ ಹರಿದರೆ ಬದಲಿ ಉಂಟು, ಲಾಟೀನು ಒಡೆದರೆ ಬದಲಿ ಉಂಟು. ಅಂಗಿಯ ಹೊರಗೆ ಉಳಿದ ಮುಖ ಮಾತ್ರ ನೌಕರನ ಸ್ವಂತ ಸಾಮಾನು, ಅದರ ಸವಕಳಿ ಅವನ ಖರ್ಚಿಗೆ.

ಮೂರನೆಯ ಸಲ ಬಳ್ಳಾರಿಗೆ ಹೋದಾಗ ಸಮಿತಿಯ ಮೂವರಲ್ಲಿ ಇಬ್ಬರು ಬರಲಿಲ್ಲವಾದ್ದರಿಂದ ಬೋಂಡಾ ತಿಂದು ವಾಪಸಾದೆವು. ನಾಲ್ಕನೆಯ ಸಲ, ಜೂನ್ ಹತ್ತೊಂಬತ್ತರಂದು, ಮೂವರೂ ದಯಮಾಡಿಸಿದ್ದರು.

ಮಹಾಶಯರೇ, ಇಲ್ಲಿ ನನ್ನ ಬುದ್ಧಿವಂತಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಪಕ್ಕೀರಪ್ಪನಿಗೆ ಕಾಗದವಿಲ್ಲ, ನನಗಿದೆ. ನನ್ನ ಶಾಲೆಯ ಪ್ರಮಾಣಪತ್ರದಲ್ಲಿ ಹುಟ್ಟಿದ ವರ್ಷ ಸ್ಪಷ್ಟವಾಗಿದೆ. ನಾವಿಬ್ಬರೂ ಒಂದೇ ವಾರದವರೆಂದು ನಾನು ಸಾಕ್ಷಿ ನುಡಿದರೆ ಅವನ ವಯಸ್ಸು ತಾನಾಗಿ ಸಿದ್ಧವಾಗುತ್ತದೆ. ಬಾಯಿಮಾತಿನಲ್ಲಿ ಮಲಾರದ ಬಳೆಯನ್ನು ಬಂಗಾರದ ದರಕ್ಕೆ ಮಾರಿದವನು ನಾನು, ಮೂರು ಜನ ಅಧಿಕಾರಿಗಳು ಯಾವ ಲೆಕ್ಕ? ಆದರೆ ಸಾಕ್ಷಿದಾರ ಲಕ್ಷಣವಾಗಿ ಕಂಡರೆ ಸಾಕ್ಷಿಗೆ ತೂಕ. ಅದಕ್ಕೆಂದು ಮುಂಜಾನೆಯೇ ಕ್ಷೌರ ಮಾಡಿಸಿದೆ, ಕೂದಲಿಗೆ ಕಲಪು ಹಚ್ಚಿದೆ, ಇಸ್ತ್ರಿಯ ಬಿಳಿ ಅಂಗಿ ತೊಟ್ಟೆ, ಮತ್ತು ಏಜೆಂಟರು ಪುಕ್ಕಟೆ ಕೊಟ್ಟ ಮಾದರಿ ಡಬ್ಬಿ ಕೆಡುವುದು ಬೇಡವೆಂದು ಮೂರು ತಿಂಗಳಿನಿಂದ ನಾನೇ ಬಳಸುತ್ತಿದ್ದ ಕ್ರೀಮನ್ನು ಅಂದು ಒಂದು ಬೆರಳು ಹೆಚ್ಚಿಗೇ ಬಳಿದೆ. ನನ್ನ ಹೆಂಡತಿ ಚನ್ನವೀರಮ್ಮ ಬಾಗಿಲಲ್ಲಿ ನಿಂತು, “ಸಾಕ್ಷಿ ಹೇಳಾಕ ಹೊಂಟೀರೋ, ಕನ್ಯಾ ನೋಡಾಕೋ?” ಎಂದಳು. ನಾನು ಅದನ್ನು ಹೊಗಳಿಕೆಯೆಂದು ಜಮಾ ಮಾಡಿಕೊಂಡೆ.

ಸಮಿತಿಯ ಮುಂದೆ ನಾವಿಬ್ಬರೂ ಪಕ್ಕಪಕ್ಕ ನಿಂತೆವು. ನಾನು ಕುರುಗೋಡಿನ ಓಣಿಯಿಂದ ಹಿಡಿದು ಸೂಲಗಿತ್ತಿ ಸಾವಂತ್ರಮ್ಮನವರೆಗೆ ಎಲ್ಲವನ್ನೂ ರಸವತ್ತಾಗಿ ಬಣ್ಣಿಸಿ, “ಇವನು ಸೋಮವಾರದವನು, ನಾನು ಗುರುವಾರದವನು, ಸ್ವಾಮಿ. ಮೂರು ದಿನಕ್ಕೆ ದೊಡ್ಡವನು ಅಷ್ಟೇ” ಎಂದು ಮುಗಿಸಿದೆ. ಅಧ್ಯಕ್ಷರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಆಮೇಲೆ ಪಕ್ಕೀರಪ್ಪನನ್ನು ನೋಡಿದರು. ಮತ್ತೆ ನನ್ನ ಪ್ರಮಾಣಪತ್ರ ನೋಡಿ ಹೇಳಿದರು: “ನಿಮಗೆ ನಲವತ್ತೊಂಬತ್ತು, ಅದು ಖರೆ, ಕಾಗದ ಇದೆ. ನಲವತ್ತೊಂಬತ್ತರ ಮನುಷ್ಯ ಹೇಗಿರ್ತಾನೆ ಅಂತ ನಮಗೂ ಗೊತ್ತಾಗ್ತಿರಲಿಲ್ಲ, ನೀವು ಬಂದದ್ದು ಒಳ್ಳೆಯದಾಯಿತು. ಈಗ ನೀವೇ ಹೇಳಿ, ಈ ಯಜಮಾನರು ನಿಮ್ಮ ಓರಗೆಯವರಾ?”

ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಪಕ್ಕೀರಪ್ಪನ ಹಣೆಯ ಮೇಲೆ ಕಾಲುವೆಯ ನಕ್ಷೆಯೇ ಇತ್ತು, ದೊಡ್ಡ ಕಾಲುವೆ, ಸಣ್ಣ ಕಾಲುವೆ, ಹೊಲಗಾಲುವೆ. ಅವನ ಪಕ್ಕದಲ್ಲಿ ನಾನು, ಗಾಜಿನ ಕಪಾಟಿನಿಂದ ಈಗಷ್ಟೇ ತೆಗೆದಿಟ್ಟ ಗೊಂಬೆಯಂತೆ ಹೊಳೆಯುತ್ತಿದ್ದೆ. “ಬಿಸಿಲು ಸ್ವಾಮಿ, ಬಿಸಿಲಲ್ಲಿ ನಿಂತವನು” ಎಂದೆ. ಎರಡನೆಯ ಸದಸ್ಯರು, “ಬಿಸಿಲು ಎಲ್ಲರಿಗೂ ಒಂದೇ ಅಲ್ಲವಾ?” ಎಂದು ಫ್ಯಾನಿನ ಕೆಳಗಿನಿಂದ ಕೇಳಿದರು. ಮೂರನೆಯವರು ಪುಸ್ತಕದಲ್ಲಿರುವ ವಯಸ್ಸೂ ಕಡಿಮೆಯೇ, ನೋಡಿದರೆ ಅರವತ್ತೈದು ಕಾಣುತ್ತದೆ ಎಂದು ಬರೆಸಿದರು. ಆಗ ಪಕ್ಕೀರಪ್ಪ ಮೊದಲ ಸಲ ಬಾಯಿ ಬಿಟ್ಟ: “ಹಂಗಾದರ ಹತ್ತು ವರ್ಷ ಹೆಚ್ಚಿಗಿ ದುಡದಂಗಾತ್ರಿ ನಾನು. ಅದರ ರೊಕ್ಕಾ ಯಾವಾಗ ಕೊಡ್ತೀರಿ?” ಸಮಿತಿಯು ಮುಂದಿನ ಅರ್ಜಿದಾರನನ್ನು ಕರೆಯಿತು.

ಹೊರಗೆ ಬೇವಿನ ಮರದ ಕೆಳಗೆ ಬಂದು ನಿಂತಾಗ ನಾನು ಕರವಸ್ತ್ರದಿಂದ ಮುಖ ಒರೆಸಿಕೊಳ್ಳತೊಡಗಿದೆ. ಪಕ್ಕೀರಪ್ಪ ನೋಡಿ, “ಈಗ ವರಸಿದರ ಏನು ಬಂತಲೇ? ಬಾ, ಚಾ ಕುಡಿಯೂಣು” ಎಂದ. ಅವತ್ತಿನ ಚಹಾದ ದುಡ್ಡನ್ನೂ ಅವನೇ ಕೊಟ್ಟ. ಮೇಲಿನ ಇಪ್ಪತ್ತಾರು ರೂಪಾಯಿ ಎಪ್ಪತ್ತೈದು ಪೈಸೆಯಲ್ಲಿ ಅದೂ ಸೇರಿದೆ.

ಈಗ ಮಾನ್ಯರಲ್ಲಿ ನನ್ನ ದೂರು. ನೆರಳಲ್ಲಿ ಕುಳಿತು ಗಲ್ಲಾ ಎಣಿಸುವವನ ಕೆನ್ನೆಯಲ್ಲಿ ತಾವು ಇಪ್ಪತ್ನಾಲ್ಕು ವರ್ಷ ಬಾಡಿಗೆಯಿಲ್ಲದೆ, ತಗಾದೆಯಿಲ್ಲದೆ ತಳವೂರಿ ಕುಳಿತಿರಿ. ಸಾವಿರಾರು ಎಕರೆಗೆ ನೀರು ಹಂಚಿ, ನಾವೆಲ್ಲ ಉಣ್ಣುವ ಭತ್ತದ ಬುಡ ಒಣಗದಂತೆ ಬಿಸಿಲಲ್ಲಿ ನಿಂತವನನ್ನು ಇಪ್ಪತ್ಮೂರಕ್ಕೇ ಬಿಡಲು ಶುರುಮಾಡಿದಿರಿ. ಈ ನಿಷ್ಪಕ್ಷಪಾತಕ್ಕೆ ತಮಗೆ ಸನ್ಮಾನ ಮಾಡಬೇಕು. ಮೈಯಿಲ್ಲದ ತಮಗೆ ಶಾಲು ಎಲ್ಲಿ ಹೊದಿಸುವುದೆಂದು ತಿಳಿಯದೆ ಸುಮ್ಮನಿದ್ದೇವೆ. ಆದಕಾರಣ ತಾವು ನನ್ನ ಎರಡೂ ಕೆನ್ನೆಗಳಿಂದ ಅರ್ಧದಷ್ಟು ಎದ್ದು, ಸಿರುಗುಪ್ಪದಿಂದ ಹಚ್ಚೊಳ್ಳಿಗೆ ಹೋಗುವ ಯಾವುದಾದರೂ ಟ್ರಾಕ್ಟರು ಹತ್ತಿ, ಪಕ್ಕೀರಪ್ಪನ ಮುಖದಲ್ಲಿ ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಹಾಜರಾಗಬೇಕು. ವರ್ಗಾವಣೆಗೆ ನನ್ನ ಆಕ್ಷೇಪಣೆಯಿಲ್ಲ. ಚಾರ್ಜು ನಾನೇ ಕೊಡುತ್ತೇನೆ. ಅದಾಗದಿದ್ದಲ್ಲಿ, “ಮೇಲ್ಕಂಡ ನೌಕರನ ಮುಖದಲ್ಲಿದ್ದ ನಾನು ಸರಕಾರಿ ಕೆಲಸದ ವೇಳೆಯಲ್ಲಿ, ಸರಕಾರಿ ಬಿಸಿಲಿನಲ್ಲಿ ನಾಶವಾಗಿದ್ದೇನೆ” ಎಂದು ಒಂದು ದೃಢೀಕರಣ ಪತ್ರವನ್ನಾದರೂ ತಮ್ಮ ಸಹಿಯೊಂದಿಗೆ ಕಳಿಸಿಕೊಡಬೇಕು. ಅದೂ ಆಗದಿದ್ದರೆ, ಆ ಮೂವರು ಅಧಿಕಾರಿಗಳ ಮುಖದಿಂದ ಒಂದೇ ಒಂದು ಬೇಸಿಗೆಯ ಮಟ್ಟಿಗೆ ರಜೆ ಹಾಕಿ ತೋರಿಸಬೇಕು. ತಿಪ್ಪೇರುದ್ರಪ್ಪನವರು ಮೂರೂ ಅರ್ಜಿಗಳನ್ನು ಪೂರ್ತಿ ಓದಿ ಪೂರ್ತಿ ಮರುಗುವುದಾಗಿ ಈಗಾಗಲೇ ಭರವಸೆ ಕೊಟ್ಟಿದ್ದಾರೆ.

ಜೂನ್ ಮೂವತ್ತರಂದು ಪಕ್ಕೀರಪ್ಪ ಲಾಟೀನು, ಸೀಟಿ, ತೂಬಿನ ಕೀಲಿಕೈ ಒಪ್ಪಿಸಿದ. ಕ್ವಾರ್ಟರ್ಸು ಬಿಟ್ಟು ಊರೊಳಗೆ ಒಂದು ಖೋಲಿ ಹಿಡಿದಿದ್ದಾರೆ. ನಾನು ಹೋಗಿ, ನಾಳೆಯಿಂದ ಅಂಗಡಿಗೆ ಬಾ, ಗಲ್ಲಾದ ಪಕ್ಕ ಕೂತು ಸಾಮಾನು ಎತ್ತಿಕೊಡು, ಸಂಬಳ ಕೊಡುತ್ತೇನೆ ಎಂದೆ. ಅವನು ತಲೆಯಾಡಿಸಿ, “ನೆಳ್ಳಾಗ ಕುಂದ್ರಾಕ ನನಗ ಬರಂಗಿಲ್ಲೋ. ಕಲಿಯಾಕ ವಯಸ್ಸೂ ಆತು” ಎಂದ. “ನಲವತ್ತೊಂಬತ್ತಕ್ಕೇನಲೇ ವಯಸ್ಸು” ಎಂದೆ. “ಅದನ್ನ ಸಮಿತಿ ಮುಂದ ಇನ್ನೊಂದೀಟು ಹರಕುಮುರುಕು ಮುಖದಾಗ ಹೇಳಿದ್ದರ ನಡೀತಿತ್ತು” ಎಂದು ನಕ್ಕ. ಅವನು ನಕ್ಕಾಗ ಮುಖದ ಗೆರೆಗಳೆಲ್ಲ ಒಟ್ಟಿಗೆ ನಕ್ಕವು. ಅಷ್ಟು ಗೆರೆಗಳನ್ನು ಒಂದೇ ಸಲ ನಗಿಸುವ ಶಕ್ತಿ ತಮಗಾಗಲಿ ನನಗಾಗಲಿ ಇಲ್ಲ.

ಏಳು ಡಬ್ಬಿಯ ಮೇಲೆ ನನಗೆ ಉಳಿದಿದ್ದ ಲಾಭ, ಡಬ್ಬಿಗೆ ಎರಡೂವರೆಯಂತೆ, ಹದಿನೇಳೂವರೆ ರೂಪಾಯಿ. ಅದನ್ನು ಉಚ್ಚೆಂಗೆಮ್ಮನ ಮುಂದೆ ಇಟ್ಟೆ. ಅವಳು ಎಣಿಸಲೂ ಇಲ್ಲ, ಹಿಂದಕ್ಕೆ ಸರಿಸಿದಳು. “ಇಟ್ಕೋರಿ ಅಣ್ಣಾ. ಒಂದು ಡಬ್ಬಿ ಕ್ರೀಮು ತಗೋರಿ. ಮುಂದಿನ ಸಾಕ್ಷಿಗೆ ಬೇಕಾಗ್ತೈತಿ.”

ಇಂತು, ತಮ್ಮ ಅನಗತ್ಯ ಕೃಪೆಗೆ ಪಾತ್ರನಾದ,
ತಮ್ಮ ವಿಶ್ವಾಸಿ,
ಗಾದಿಲಿಂಗಪ್ಪ
(ವಯಸ್ಸು ೪೯, ಕಾಗದವಿದೆ)

ತಾಜಾ ಕಲಮು: ಲೆಕ್ಕ ಅರ್ಧಕ್ಕೆ ಬಿಟ್ಟರೆ ನನಗೆ ನಿದ್ದೆ ಹತ್ತುವುದಿಲ್ಲ, ನಿದ್ದೆಗೆಟ್ಟರೆ ತಾವು ಕರಗುವಿರೆಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಯಾರಿಗೆ ಏನು ಸಿಕ್ಕಿತೆಂಬುದನ್ನು ಬರೆದು ಮುಗಿಸುತ್ತೇನೆ. ಬೊಂಬಾಯಿಯ ಕಂಪನಿಗೆ ನೂರಾ ಇಪ್ಪತ್ತೆರಡೂವರೆ ರೂಪಾಯಿ. ಬಸ್ಸಿನವರಿಗೆ ಎಪ್ಪತ್ತೆರಡು. ಸರಕಾರಕ್ಕೆ ಆರು ವರ್ಷದ ಸಂಬಳದ ಉಳಿತಾಯ. ಸಮಿತಿಗೆ, ನಲವತ್ತೊಂಬತ್ತರ ಮನುಷ್ಯ ಹೇಗಿರುತ್ತಾನೆಂಬ ಜ್ಞಾನ. ನನಗೆ ಹದಿನೇಳೂವರೆ ರೂಪಾಯಿ, ಮತ್ತು ಯಾರೂ ವಾಪಸು ತೆಗೆದುಕೊಳ್ಳದ ಒಂದು ಹೊಳೆಯುವ ಮುಖ. ಉಚ್ಚೆಂಗೆಮ್ಮನಿಗೆ ಮುಚ್ಚಳವಿರುವ ಏಳು ಗಾಜಿನ ಡಬ್ಬಿ; ಸಾಸಿವೆ, ಜೀರಿಗೆ, ಮೆಂತ್ಯ ಹಾಕಿಟ್ಟಿದ್ದಾಳೆ, ನಾಲ್ಕು ಖಾಲಿ ಇವೆ. ಇಪ್ಪತ್ತಾರು ವರ್ಷ ಬಿಸಿಲಲ್ಲಿ ನಿಂತ ಪಕ್ಕೀರಪ್ಪನಿಗೆ ಒಂದು ಕೊಡೆ.